ಎದುರು ಗೋಡೆಯ ಸನ್ನೆ

ಹೆಂಡತಿ ಕೂದಲು ಕತ್ತರಿಸಿಕೊಂಡು ಬಂದರೂ ಗಮನಿಸದ ಗಂಡಂದಿರು ಬೀದಿಗೆ ಹತ್ತು ಜನ ಸಿಕ್ಕುತ್ತಾರೆ. ಮೂವತ್ತು ವರ್ಷದಿಂದ ಮೂಗಿನ ಮೇಲೆ ಕೂತಿದ್ದ, ಸೋಡಾ ಬಾಟಲಿಯ ತಳದಂಥ ಕನ್ನಡಕವೇ ಮಾಯವಾದರೂ ಗಮನಿಸದ ಗಂಡ ಇವನೊಬ್ಬನೇ ಇರಬೇಕು. ಕಸುಬಿನಲ್ಲಿ ಬೇರೆ ಸರ್ವೇಯರ್. ಮೈಲಿಯಾಚೆಯ ಗಡಿಕಲ್ಲು ಬೆರಳಷ್ಟು ಸರಿದಿದ್ದರೂ ಹಿಡಿಯುತ್ತಾನೆ ಎಂದು ಕಚೇರಿಯಲ್ಲಿ ಹೆಸರು.

ಅವಳು ಹಲ್ಲಿನ ಸೆಟ್ಟು ಮಾಡುವವಳು. ಲ್ಯಾಬಿನ ಕಿಟಕಿ ಪಕ್ಕದ ಮೇಜಿನಲ್ಲಿ ಕೂತು, ಕಂಡಿಲ್ಲದವರ ಬಾಯಿಗೆ ಹಲ್ಲು ಹೊಂದಿಸುವುದು ಅವಳ ಕೆಲಸ. ಕನ್ನಡಕ ತೆಗೆದು ಹಲ್ಲನ್ನು ಕಣ್ಣ ಹತ್ತಿರ ಹಿಡಿದರೆ ಅವಳಿಗೆ ಕಾಣದ ಗೀರಿಲ್ಲ. ಹತ್ತು ಹೆಜ್ಜೆ ಆಚೆ ಮಾತ್ರ ಮನುಷ್ಯರೆಲ್ಲ ಹಗ್ಗಕ್ಕೆ ಹಾಕಿದ ಬಟ್ಟೆಗಳು.

ಎಂಟು ವರ್ಷದ ಹಿಂದೆ, ಟ್ಯಾಂಗೋ ಕುಣಿತ ಕಲಿಯೋಣ ಬಾ ಎಂದವನು ಅವನೇ. ಅಂದಿನಿಂದ ತಿಂಗಳಿಗೊಂದು ಶನಿವಾರ ಈ ಕಡಲ ಊರಿಗೆ ಬರುತ್ತಾರೆ. ಬೆಳಿಗ್ಗೆ ಬಂಡೆಗಳ ಮೇಲಿನ ದಾರಿ, ಯಾರೂ ಇಳಿಯದ ಮರಳ ತೀರ, ಎಲ್ಲ ಸುತ್ತುವುದು. ಮಧ್ಯಾಹ್ನ ಮೂರರಿಂದ ಹೊತ್ತು ಮುಳುಗುವವರೆಗೆ ಬಂದರಿನ ಹಳೇ ಡಾನ್ಸ್ ಹಾಲಿನಲ್ಲಿ ಕುಣಿಯುವುದು. ಆ ಕುಣಿತಕ್ಕೊಂದು ಕಟ್ಟಳೆಯಿದೆ. ಗಂಡಸರು ಒಂದು ಗೋಡೆಗೆ, ಹೆಂಗಸರು ಎದುರು ಗೋಡೆಗೆ. ಬಾಯಿಬಿಟ್ಟು ಯಾರೂ ಕರೆಯುವಂತಿಲ್ಲ. ದೂರದಿಂದ ನೋಡಿ ತಲೆಯಾಡಿಸಬೇಕು. ಎದುರಿನವಳೂ ಆಡಿಸಿದರೆ ಒಪ್ಪಿಗೆ. ಬೇಡವೆಂದರೆ ಮುಖ ತಿರುಗಿಸಿದರೆ ಸಾಕು. ಮೂರು ಹಾಡಿಗೆ ಒಂದು ಸುತ್ತು. ಕೊನೆಯ ಸುತ್ತು ಜೊತೆಯಲ್ಲಿ ಬಂದವರಿಗೆ ಮೀಸಲು.

ಕೆನ್ನೆಗೆ ಕೆನ್ನೆ ತಾಗಿಸಿ ಕುಣಿಯುವಾಗ ಅವಳ ಕನ್ನಡಕದ ಚೌಕಟ್ಟು ಅವನಿಗೆ ಚುಚ್ಚುತ್ತಿತ್ತು. ತೆಗೆದು ಹಾಕಿ, ಹಾಕಿ ತೆಗೆದು, ಮೊದಲ ಶನಿವಾರವೇ ಅದು ಯಾರದೋ ಹಿಮ್ಮಡಿಗೆ ಸಿಕ್ಕಿ ಒಡೆದ ಮೇಲೆ, ಹೊಸ ಕನ್ನಡಕ ಲಾಡ್ಜಿನಲ್ಲೇ ಉಳಿಯತೊಡಗಿತು. ಹಾಲಿನಲ್ಲಿ ಅವಳ ಕಣ್ಣೆಂದರೆ ಪಕ್ಕದ ಕುರ್ಚಿಯ ಹೂವಿನಂಗಡಿಯವಳು. ಬಾಯಿತುಂಬ ಮಾತು, ಮೈತುಂಬ ನಗು, ಹಾಲಿನಲ್ಲೇ ಎಲ್ಲರಿಗಿಂತ ಚೆನ್ನಾಗಿ ಕುಣಿಯುವವಳು. ಮೊಣಕೈಯಲ್ಲಿ ತಿವಿದು, ನಿಮ್ಮೋರು ಕರೀತಿದಾರೆ ಕಣೆ, ಏಳು ಅನ್ನುತ್ತಿದ್ದಳು. ಇವಳು ಮಂಜಿನ ಕಡೆಗೊಮ್ಮೆ ತಲೆಯಾಡಿಸಿ ಏಳುತ್ತಿದ್ದಳು. ಇಂಥ ಗೆಳತಿ ಸಿಗುವುದಕ್ಕೆ ಪುಣ್ಯ ಮಾಡಿರಬೇಕು ಎಂದು ತಂಗಿಯ ಹತ್ತಿರ ಎಷ್ಟು ಸಲ ಹೇಳಿದ್ದಳೋ.

ಎರಡು ತಿಂಗಳ ಹಿಂದೆ ಗೆಳತಿ ಕುಣಿಯಲು ಹೋಗಿದ್ದಾಗ, ಎದುರಿನಿಂದ ಯಾರೋ ಕರೆದ ಹಾಗಾಗಿ ಅವಳು ಎದ್ದು ನಡುಹಾಲಿನವರೆಗೆ ನಡೆದುಬಿಟ್ಟಳು. ಆತ ಕರೆದದ್ದು ಹಿಂದಿನ ಸಾಲಿನವಳನ್ನು. ಇಡೀ ಹಾಲೇ ತಿರುಗಿ ನೋಡಿತು. ಗಂಡ ಲಾಡ್ಜಿಗೆ ಬಂದವನೇ, ಇನ್ನು ಮೇಲೆ ನಾನು ಕರೆಯುವ ತನಕ ಕುರ್ಚಿ ಬಿಟ್ಟು ಏಳಬೇಡ, ಮಾನ ಹೋಯಿತು ಎಂದ. ಅವಳಿಗೆ ಅವನ ಮೇಲೆ ಸಿಟ್ಟು ಬರಲಿಲ್ಲ, ತನ್ನ ಕಣ್ಣಿನ ಮೇಲೆ ಬಂತು.

ಅವನು ಮೂರು ವಾರದ ಸರ್ವೇ ಕ್ಯಾಂಪಿಗೆ ಹೋದದ್ದೇ ತಡ, ತಂಗಿಯನ್ನು ಜೊತೆಮಾಡಿಕೊಂಡು ಆಪರೇಷನ್ ಮಾಡಿಸಿ ಎರಡೂ ಕಣ್ಣೊಳಗೆ ಲೆನ್ಸ್ ಹಾಕಿಸಿಕೊಂಡಳು. ದೂರ ಚೆನ್ನಾಗಿ ಕಾಣುತ್ತದೆ, ಆದರೆ ಹತ್ತಿರದ ಕೆಲಸಕ್ಕೆ ಇನ್ನು ಕನ್ನಡಕ ಬೇಕು ಎಂದು ಡಾಕ್ಟರು ಮೊದಲೇ ಹೇಳಿದ್ದರು. ಅನ್ನ ಕೊಡುವ ಕಣ್ಣನ್ನು ಕುಣಿತಕ್ಕೆ ಮಾರಿಕೊಳ್ತಿದೀಯಲ್ಲಕ್ಕ ಎಂದು ತಂಗಿ ಬೈದಳು. ಅಕ್ಕ ನಕ್ಕಳು. ಹಾಲಿನ ಆ ತುದಿಯಿಂದ ಗಂಡ ತನ್ನನ್ನು ಹೇಗೆ ನೋಡಿ ಕರೆಯುತ್ತಾನೆ ಎಂಬುದನ್ನು ಎಂಟು ವರ್ಷದಲ್ಲಿ ಒಂದು ಸಲವೂ ಕಂಡಿರಲಿಲ್ಲ. ಅದೊಂದನ್ನು ಕಾಣಬೇಕಿತ್ತು ಅವಳಿಗೆ, ಅಷ್ಟೇ.

ಅವನು ಕ್ಯಾಂಪಿನಿಂದ ನೇರ ಕಡಲ ಊರಿಗೇ ಬಂದಿದ್ದ. ಶನಿವಾರ ಬೆಳಿಗ್ಗೆ ಲಾಡ್ಜಿನ ಬಾಗಿಲಲ್ಲಿ ಅವಳು ಬರಿಮುಖ ಹೊತ್ತು, ನಗು ತಡೆದುಕೊಂಡು ನಿಂತಿದ್ದಳು. ಬಸ್ಸು ತಡವಾಯ್ತಾ ಎಂದು ಕೇಳಿ ಅವನು ಅವಳ ಚೀಲ ಒಳಗಿಟ್ಟ. ಬಂಡೆಯ ದಾರಿಯಲ್ಲಿ, ಎಂದೂ ಅವನ ತೋಳು ಹಿಡಿದೇ ಇಳಿಯುತ್ತಿದ್ದವಳು, ಮುಂದೆ ಮುಂದೆ ತಾನೇ ಇಳಿದಳು. ಅವನಿಗೆ ಫೋನಿನಲ್ಲಿ ಸಿಗ್ನಲ್ ಸಿಗುತ್ತಿರಲಿಲ್ಲ, ಅದೇ ಚಿಂತೆ. ಕೊನೆಗೆ ದೀಪಸ್ತಂಭದ ಕಟ್ಟೆಯ ಮೇಲೆ ಕೂತು, ಆ ದೂರದ ದೋಣಿಯಲ್ಲಿ ನಾಲ್ಕು ಜನ ಇದ್ದಾರೆ, ಒಬ್ಬ ಹಳದಿ ಟೋಪಿಯವನು ಎಂದು ಬಾಯಿಬಿಟ್ಟೇ ಹೇಳಿದಳು. ಅವನು ಹೂಂ ಎಂದ. ಅವಳಿಗೆ ಒಳಗೇ ಚುರ್ ಎಂದಿತು. ಇರಲಿ, ಹಾಲಿನಲ್ಲಿ ನೋಡೇ ನೋಡುತ್ತಾನಲ್ಲ ಎಂದು ಸಮಾಧಾನ ಮಾಡಿಕೊಂಡಳು. ಅವಳ ಸಮಾಧಾನಕ್ಕಿಷ್ಟು ಬೆಂಕಿ ಹಾಕ.

ಮೂರು ಗಂಟೆಗೆ ಹಾಲಿನ ತುಂಬ ಜನ. ಹೂವಿನಂಗಡಿಯವಳು ಬಂದು ಪಕ್ಕದಲ್ಲಿ ಕೂತು ಕೆಂಪು ಶೂ ಬಿಗಿದುಕೊಂಡಳು; ಅವಳೂ ಏನೂ ಗಮನಿಸಲಿಲ್ಲ. ಈ ಹಾಲಿನಲ್ಲಿ ಇವಳಿಗೆ ಬರಿಮುಖವೇ ವಾಡಿಕೆ. ಮೊದಲ ಹಾಡು ಶುರುವಾಯಿತು. ಎದುರು ಗೋಡೆಗೆ ಅವಳ ಗಂಡ ಎಷ್ಟು ಸ್ಪಷ್ಟವಾಗಿ ನಿಂತಿದ್ದನೆಂದರೆ ಅಂಗಿಯ ಎರಡನೇ ಗುಂಡಿಯ ನೂಲು ಬೇರೆ ಬಣ್ಣದ್ದು ಎಂಬುದೂ ಕಾಣುತ್ತಿತ್ತು. ಅವಳು ಹೊಲಿದದ್ದೇ ಅದು.

ಅವನು ಈ ಕಡೆ ನೋಡಿದ. ಕಣ್ಣು ಅರಳಿತು. ಮದುವೆಗೆ ಮುಂಚೆ ಅವಳ ಮನೆಯ ಮೆಟ್ಟಿಲಲ್ಲಿ ನಿಂತು ಹೀಗೇ ನೋಡುತ್ತಿದ್ದ. ಅವಳು ತಲೆಯಾಡಿಸಲು ಕತ್ತು ಎತ್ತಿದಳು. ಅವನ ನೋಟ ಮಾತ್ರ ಒಂದು ಕುರ್ಚಿ ಆಚೆಗಿತ್ತು.

ಹೂವಿನಂಗಡಿಯವಳು ಮಡಿಲಿನ ಮೇಲಿಟ್ಟ ಬೆರಳನ್ನು ಬೇಡ ಎನ್ನುವಂತೆ ಆಡಿಸಿ, ಗಲ್ಲದಿಂದ ಪಕ್ಕಕ್ಕೆ ತೋರಿಸಿದಳು. ಮೊದಲು ಇವಳದ್ದು ಮುಗಿಸು ಎಂದು. ಅವನು ಕೆನ್ನೆ ಉಬ್ಬಿಸಿ, ಕಹಿ ಔಷಧಿ ಕುಡಿಯುವವನ ಮುಖ ಮಾಡಿದ. ಒಂದು ಬೆರಳೆತ್ತಿ ತೋರಿಸಿದ, ಒಂದೇ ಸುತ್ತು. ಗೆಳತಿ ನಗು ನುಂಗಿಕೊಂಡಳು. ಆಮೇಲೆ ಬಂತು ಮೊಣಕೈ.

"ನಿಮ್ಮೋರು ಕರೀತಿದಾರೆ ಕಣೆ, ಏಳು."

ಅವಳು ಎದ್ದಳು. ಏಳದೆ ಏನು ಮಾಡಬೇಕೆಂದು ಆ ಗಳಿಗೆಯಲ್ಲಿ ಹೊಳೆಯಲಿಲ್ಲ. ಮೂರು ಹಾಡು ಅವನ ಕೆನ್ನೆಗೆ ಕೆನ್ನೆಯಿಟ್ಟು ಕುಣಿದಳು, ಒಂದು ಹೆಜ್ಜೆಯೂ ತಪ್ಪಲಿಲ್ಲ. ಎಂಟು ವರ್ಷದ ಎಷ್ಟು ಶನಿವಾರ, ಎಷ್ಟು ಸುತ್ತು ಗೆಳತಿ ಹೀಗೆ ತನಗೆ ಹಂಚಿಕೊಟ್ಟದ್ದು ಎಂದು ಲೆಕ್ಕ ಹಾಕಲು ಹೋಗಿ ಬಿಟ್ಟುಬಿಟ್ಟಳು. ಅವರಿಬ್ಬರ ನಡುವೆ ಇನ್ನೇನಿತ್ತೋ, ಇರಲಿಲ್ಲವೋ, ಅದನ್ನು ಕೆದಕುವ ಮನಸ್ಸೂ ಬರಲಿಲ್ಲ. ಆ ಉಬ್ಬಿದ ಕೆನ್ನೆಯೇ ಸಾಕಿತ್ತು. ಹಾಡುಗಳ ನಡುವೆ ಅವನು, ನಾಳೆ ಆಚೆ ಕೊಲ್ಲಿಗೆ ಹೋಗೋಣ, ದೋಣಿ ಸಿಗುತ್ತಂತೆ ಎಂದ. ಅವಳು ಆಗಲಿ ಎಂದಳು.

ಆಮೇಲಿನ ಮೂರು ತಾಸು ಕುರ್ಚಿಯಲ್ಲಿ ಕೂತು ಎಲ್ಲವನ್ನೂ ನೋಡಿದಳು. ಕೆಂಪು ಶೂಗಳ ಜೊತೆ ಅವನು ನಾಲ್ಕು ಸುತ್ತು ಕುಣಿದ. ಅವನಿಗೆ ಅಷ್ಟು ಚೆನ್ನಾಗಿ ಕುಣಿಯಲು ಬರುತ್ತದೆಂದು ಅವಳಿಗೆ ಗೊತ್ತಿರಲಿಲ್ಲ. ಹೊಟ್ಟೆ ಉರಿಯಿತು, ಸುಳ್ಳೇಕೆ. ಅದಕ್ಕಿಂತ ಹೆಚ್ಚಾಗಿ ನಾಚಿಕೆಯಾಯಿತು, ಮಂಜಿಗೆ ತಲೆಯಾಡಿಸಿದ ಅಷ್ಟೂ ಸಲಕ್ಕೆ.

ಕಿಟಕಿಗಳಲ್ಲಿ ಬಿಸಿಲು ಕೆಂಪಾದಾಗ ಕೊನೆಯ ಸುತ್ತಿನ ಹಾಡು ಬಂತು. ಅವನು ಎದುರು ಗೋಡೆಯಿಂದ ಈ ಸಲ ಅವಳಿಗೇ ತಲೆಯಾಡಿಸಿದ. ಮೊಣಕೈ ತಿವಿಯಿತು. ಅವಳು ನೆಟ್ಟಗೆ ಅವನ ಕಣ್ಣಿಗೆ ಕಣ್ಣಿಟ್ಟಳು; ಅವನಿಗೆ ತಿಳಿಯುವಷ್ಟು ಹೊತ್ತು ಇಟ್ಟು, ನಿಧಾನವಾಗಿ ಮುಖ ಕಿಟಕಿಗೆ ತಿರುಗಿಸಿದಳು.

ಅವನು ಮತ್ತೆ ಆಡಿಸಿದ. ಜೋಡಿಗಳೆಲ್ಲ ನಡುಹಾಲಿಗೆ ಬಂದಾಗಿತ್ತು. ಕೊನೆಗೆ ಕಟ್ಟಳೆ ಮುರಿದು, ಎಲ್ಲರೂ ನೋಡುತ್ತಿರುವಾಗ, ಅವಳ ಕುರ್ಚಿಯವರೆಗೆ ನಡೆದು ಬಂದು ಕೈ ಚಾಚಿದ.

"ಕಾಣಿಸ್ಲಿಲ್ವಾ? ಅಲ್ಲಿಂದ ಎಷ್ಟು ಸಲ ಕರೆದೆ."

"ಕಾಣಿಸ್ತು," ಎಂದಳು. "ಮೊದಲನೇ ಸುತ್ತಿನಲ್ಲಿ ಕೆನ್ನೆ ಉಬ್ಬಿಸಿದ್ದೂ ಕಾಣಿಸ್ತು."

ಪಕ್ಕದ ಕುರ್ಚಿಯಲ್ಲಿ ಕೆಂಪು ಶೂಗಳು ಸರಕ್ಕನೆ ಒಳಕ್ಕೆ ಸರಿದವು. ಚಾಚಿದ ಕೈ ಅಲ್ಲೇ ಉಳಿಯಿತು. ಅವನು ಅವಳ ಮುಖ ನೋಡಿದ. ಆ ದಿನ ಅದೇ ಮೊದಲು.

"ನಿನ್ನ ಕನ್ನಡಕ ಎಲ್ಲಿ?" ಎಂದ.

"ಬೆಳಿಗ್ಗೆ ಕೇಳ್ಬೇಕಿತ್ತು ರೀ," ಎಂದು ಅವಳು ಬಗ್ಗಿ ಶೂ ಬಿಚ್ಚತೊಡಗಿದಳು. ಬಕಲ್ಲು ಕಣ್ಣಿಗೆ ಸರಿಯಾಗಿ ಕಾಣಲಿಲ್ಲ. ತಡವರಿಸಿ ತಡವರಿಸಿ ಬಿಚ್ಚಿದಳು.