ಹೂವಿಗೆ ಹಾಕಿದ ಏಣಿ

ಹದಿಮೂರನೆಯ ದಿನದ ಊಟ ಉಂಡು ನೆಂಟರೆಲ್ಲ ಬೆಟ್ಟ ಇಳಿದು ಹೋಗಿದ್ದರು. ಮಾರನೆಯ ಬೆಳಿಗ್ಗೆ ಪ್ರೋಮಿಳಾ ಹಸುವಿಗೆ ಹುಲ್ಲು ಹಾಕಿ, ಅಂಗಳ ಗುಡಿಸಿ, ತೋಟದ ಕಡೆ ನೋಡಿದಳು. ಸೇಬಿನ ಮರಗಳಲ್ಲಿ ಬಾಟಲಿಗಳು ನೇತಾಡುತ್ತಿದ್ದವು. ವಿಸ್ಕಿಯವು, ರಮ್ಮಿನವು. ಖಾಲಿ ಬಾಟಲಿಗೆ ಈ ಊರಲ್ಲಿ ಯಾವತ್ತೂ ಬರ ಬಂದದ್ದಿಲ್ಲ. ಒಂದೊಂದರಲ್ಲೂ ನೀರು, ನೀರಿನಲ್ಲಿ ಗೋಲ್ಡನ್ ತಳಿಯ ಹೂಕೊಂಬೆ. ಎಲ್ಲ ಒಣಗಿ ಕಂದಾಗಿದ್ದವು.

ರಾಯಲ್ ಸೇಬು ತಾನಾಗಿ ಕಾಯಿ ಕಟ್ಟುವುದಿಲ್ಲ. ಪಕ್ಕದಲ್ಲಿ ಗೋಲ್ಡನ್ ಅರಳಬೇಕು, ಜೇನು ಅಲ್ಲಿಂದಿಲ್ಲಿಗೆ ಓಡಾಡಬೇಕು. ಹಿಮ ಬೀಳುತ್ತಿದ್ದ ಕಾಲದಲ್ಲಿ ಎರಡೂ ಒಟ್ಟಿಗೇ ಅರಳುತ್ತಿದ್ದವು. ಈಗ ಗೋಲ್ಡನ್ ಮೊದಲೇ ಅರಳಿ ಉದುರುತ್ತದೆ. ಚಳಿಯ ನಿದ್ದೆ ಸಾಲದ ರಾಯಲ್ ಕಣ್ಣುಜ್ಜುತ್ತ ಆಮೇಲೆ ಏಳುತ್ತದೆ. ಅದಕ್ಕೆ ಊರ ಗಂಡಸರು ಕಂಡುಕೊಂಡ ಉಪಾಯವೆಂದರೆ, ಮೇಲಿನ ತಂಪು ಊರುಗಳಿಂದ ಗೋಲ್ಡನ್ ಹೂ ತಂದು ಬಾಟಲಿಯಲ್ಲಿಟ್ಟು ರಾಯಲ್ ಮರಕ್ಕೆ ಕಟ್ಟುವುದು. ಅವಳ ಗಂಡ ದುಲೀಪ್ ಅದನ್ನು ಕಟ್ಟಲೆಂದು ಏಣಿ ಹತ್ತಿ ಕೆಳಗಿನ ಕಲ್ಲಿನ ಕಟ್ಟೆಯ ಮೇಲೆ ಬಿದ್ದು ತೀರಿಕೊಂಡ. ಆಗ ರಾಯಲ್‌ನಲ್ಲಿ ಒಂದು ಮೊಗ್ಗೂ ಒಡೆದಿರಲಿಲ್ಲ. ಅಷ್ಟು ಅವಸರ.

ಪ್ರೋಮಿಳಾ ತೋಟಗಾರಿಕೆ ಓದಿದವಳು. ಈ ಎತ್ತರಕ್ಕೆ ಇನ್ನು ರಾಯಲ್ ಆಗದು, ಕಡಿಮೆ ಚಳಿಗೂ ಬರುವ ತಳಿ ಹಾಕೋಣ ಎಂದು ಮದುವೆಯಾದ ವರ್ಷವೇ ಹೇಳಿದ್ದಳು. ಎಲ್ಲರೂ ನಕ್ಕರು. ಈ ತೋಟಕ್ಕೆ ಮೊದಲು ಲಾರಿ ಬರುತ್ತಿತ್ತು, ಆಮೇಲೆ ಪಿಕಪ್ಪು. ಹೋದ ವರ್ಷದ ಫಸಲು ಭಾವನ ಕಾರಿನ ಡಿಕ್ಕಿಯಲ್ಲೇ ಹಿಡಿಸಿತು. ಡಿಕ್ಕಿ ಮುಚ್ಚುವಾಗಲೂ ಭಾವ, "ಏನೇ ಅನ್ನಿ, ರಾಯಲ್ ಅಂದ್ರೆ ರಾಯಲ್ಲೇ," ಅಂದಿದ್ದ.

ಆ ಭಾವ, ದುಲೀಪನ ಅಣ್ಣ ಲಾಯಕ್ ರಾಮ್, ಗೋಣಿಚೀಲ ಹೊತ್ತು ಬಂದ. ಒಳಗೆ ಬಾಟಲಿಗಳು ಕಿಣಿಕಿಣಿ ಅಂದವು.

"ಬಹೂ, ರಾಯಲ್ ಈಗ ಅರಳ್ತಾ ಇದೆ. ಮೇಲೆ ಕಿನ್ನೌರಿಂದ ಹೂ ತರಿಸಿದೀನಿ. ಉಳಿದ ಮರಕ್ಕೆ ಇವತ್ತೇ ಕಟ್ಟಿಬಿಡೋಣ. ಅವನ ಆತ್ಮಕ್ಕೂ ಶಾಂತಿ."

"ಏಣಿ ಯಾರು ಹತ್ತೋದು, ಭಾಯಿಜಿ?"

"ನನಗೆ ಮೊಣಕಾಲು ನೋವು. ನೇಪಾಳಿ ಆಳುಗಳನ್ನ ಕರೆಸು."

"ಅವರೆಲ್ಲ ಕಿನ್ನೌರಿಗೆ ಹೋದ್ರು. ಅಲ್ಲಿ ಇನ್ನೂ ಹಿಮ ಬೀಳುತ್ತೆ, ಕೂಲಿ ಸಿಗುತ್ತೆ. ಹೂವೂ ಕಿನ್ನೌರಿನವರದು, ಸೇಬೂ ಅವರದು, ಆಳೂ ಅವರಿಗೆ. ನಮ್ಮದು ಅಂತ ಉಳಿದಿರೋದು ಬಾಟ್ಲಿ."

ಲಾಯಕ್ ರಾಮ್ ಟೋಪಿ ಸರಿಮಾಡಿಕೊಂಡ. "ತಾತ ನೆಟ್ಟ ಮರ. ನಿನ್ನ ಕೈಲಾಗದಿದ್ರೆ ಬಿಡು, ತೋಟ ನಾನು ನೋಡ್ಕೋತೀನಿ."

"ನೋಡ್ಕೊಳ್ಳಿ, ನಿಮ್ಮದನ್ನ. ನಿಮ್ಮ ತಮ್ಮನ ಪಾಲು ಈಗ ನನ್ನದು. ಗರಗಸದವರಿಗೆ ಹೇಳಿದೀನಿ."

"ಹೂ ಬಿಟ್ಟಿರೋ ಮರ ಕಡೀತೀಯಾ? ಹೆಂಗಸಾಗಿ?"

"ಹೂವನ್ನ ಮಂಡೀಲಿ ಯಾರೂ ಕೊಳ್ಳಲ್ಲ, ಭಾಯಿಜಿ. ಗಂಡಸರು ತಗೊಂಡು ಹೋದ್ರೂ ಕೊಳ್ಳಲ್ಲ."

"ಓದಿದೋಳನ್ನ ತರಬೇಡ ಅಂತ ಅಂದೇ ಹೇಳಿದ್ದೆ," ಎಂದು ಗೊಣಗುತ್ತ ಅವನು ಇಳಿದು ಹೋದ. ಚೀಲ ಅಲ್ಲೇ ಉಳಿಯಿತು. ಅವಳು ಅದನ್ನು ಮುಟ್ಟಲಿಲ್ಲ.

ತೋಟಕ್ಕೆ ಹೋದಳು. ಏಣಿ ಕಟ್ಟೆಯ ಬುಡದಲ್ಲಿ ಬಿದ್ದಲ್ಲೇ ಬಿದ್ದಿತ್ತು. ಹದಿಮೂರು ದಿನ ಊರೆಲ್ಲ ಬಂದು ಅತ್ತು ಉಂಡು ಹೋದರೂ ಒಬ್ಬರೂ ಅದನ್ನು ಎತ್ತಿರಲಿಲ್ಲ. ಮೇಲೆ, ದುಲೀಪ್ ಕೊನೆಗೆ ಕಟ್ಟಿದ ಬಾಟಲಿ ಗಾಳಿಗೂ ಅಲುಗದೆ ನಿಂತಿತ್ತು. ಗಂಟು ಬಹಳ ಚೆನ್ನಾಗಿತ್ತು. ಅದೊಂದು ಅವನಿಗೆ ಬರುತ್ತಿತ್ತು.

ಏಣಿ ಮೇಲ್ಮನೆಯ ದೇವ್ಕು ಚಾಚಿಯದು. ಸಂಜೆಗೆ ಕೊಡ್ತೀನಿ ಎಂದು ದುಲೀಪ್ ತಂದಿದ್ದ. ಪ್ರೋಮಿಳಾ ಅದನ್ನು ಹೆಗಲಿಗೇರಿಸಿ ಮೆಟ್ಟಿಲುದಾರಿ ಹತ್ತಿದಳು. ಚಾಚಿ ಬಿಸಿಲಲ್ಲಿ ಕೂತು ಉಣ್ಣೆ ನೂಲುತ್ತಿದ್ದಳು.

"ಇದಕ್ಕೇನು ಅವಸರ, ಮಗಳೇ? ಹೂ ಮುಗಿಯೋವರೆಗೂ ಇಟ್ಕೋ. ಅರ್ಧ ಮರ ಇನ್ನೂ ಬಾಕಿ ಅಂತಲ್ಲ."

"ಬೇಡ ಚಾಚಿ. ಕಡಿಯೋಕೆ ಏಣಿ ಬೇಕಾಗಲ್ಲ."

ಏಣಿಯನ್ನು ಗೋಡೆಗೆ ಒರಗಿಸಿ, ಅಲುಗುತ್ತದೆಯೇ ಎಂದು ಒಮ್ಮೆ ಜಗ್ಗಿ ನೋಡಿ, ಕೈಬಿಟ್ಟಳು.