ಕುಡಿಯದವನ ಹೆಂಡತಿ

ಎರ್ಮಾಳಿನ ಕುಶಲಾ ಮೈಕ್ ಹಿಡಿದರೆ ಮೊದಲು ಹೇಳುತ್ತಿದ್ದ ಮಾತು ಒಂದೇ: "ನನ್ನ ಗಂಡ ಒಂದು ಹನಿ ಕುಡಿದವರಲ್ಲ."

ಅದು ನಿಜವೇ. ಮೀನಿನ ಬೋಟಿಗೆ ಹೋಗುತ್ತಿದ್ದ ಶೇಖರನ ಲಿವರ್ ಹಾಳಾದದ್ದು ಹೆಪಟೈಟಿಸ್ ಬಿ ಸೋಂಕಿನಿಂದ. ಗೊತ್ತಾಗುವಷ್ಟರಲ್ಲಿ ಹೊಟ್ಟೆಯಲ್ಲಿ ನೀರು ತುಂಬಿತ್ತು. ಊರಿನವರು ಮಾತ್ರ ಕುಡಿತವೇ ಕಾರಣ ಎಂದು ತೀರ್ಮಾನಿಸಿಬಿಟ್ಟಿದ್ದರು. ಕಾಪು ಮಾರ್ಕೆಟಿನಲ್ಲಿ ಮೀನು ಮಾರುತ್ತಿದ್ದ ಕುಶಲಾ ಬುಟ್ಟಿ ಬದಿಗಿಟ್ಟು, ಭಜನಾ ಮಂದಿರ, ಯುವಕ ಮಂಡಲ ಎಂದು ಅಲೆದು ರಿಪೋರ್ಟು ತೋರಿಸಿದಳು. ನಂಬಿದ ಮೇಲೆ ಜನ ಕೈಬಿಡಲಿಲ್ಲ, ಆಪರೇಷನ್ನಿಗೆ ಹಣ ಕೂಡಿತು. ಶೇಖರನ ತಂಗಿ ತನ್ನ ಲಿವರಿನ ಒಂದು ಭಾಗ ಕೊಟ್ಟಳು. ಆಪರೇಷನ್ ಆಗಿ ಅವನು ಉಳಿದ.

ಕುಶಲಾ ಅಲ್ಲಿಗೇ ನಿಲ್ಲಲಿಲ್ಲ. ಇಂಥದೇ ಕಷ್ಟ ಕಂಡ ಐದಾರು ಮನೆಯವರನ್ನು ಸೇರಿಸಿ ಒಂದು ಸಂಘ ಕಟ್ಟಿದಳು. ರೋಗಿಗಳಿಗಾಗಿ ಹಣ ಎತ್ತುವುದು, ಊರೂರಲ್ಲಿ ರಕ್ತಪರೀಕ್ಷೆಯ ಶಿಬಿರ ಮಾಡುವುದು ಅದರ ಕೆಲಸ. ಅವಳ ಭಾಷಣದ ವೀಡಿಯೊ ಎಲ್ಲರ ಮೊಬೈಲಿಗೂ ಹೋಗಿತ್ತು.

ಒಂದು ದಿನ ಮಣಿಪಾಲದ ಆಸ್ಪತ್ರೆಯ ಹೊರಗೆ ಒಬ್ಬ ಹೆಂಗಸು ಅವಳನ್ನು ತಡೆದಳು. ಕಾರ್ಕಳದ ಅಮ್ಮಣ್ಣಿ. ಗಂಡ ಹೂವಪ್ಪ ಕಲ್ಲಿನ ಕೋರೆಯಲ್ಲಿ ದುಡಿಯುತ್ತಿದ್ದವನು. ಅವನದೂ ಲಿವರೇ, ಆದರೆ ಕುಡಿತದಿಂದ. ಅದನ್ನು ಬಿಟ್ಟು ಎಂಟು ತಿಂಗಳಾಗಿತ್ತು.

"ಒಂದು ಅರ್ಜಿ ಬರೆದು ಕೊಡಿ ಮಾರಾಯ್ತಿ, ನೋಡುವ" ಎಂದಳು ಕುಶಲಾ.

"ಅದಕ್ಕೆ ಬಂದದ್ದಲ್ಲ ಅಕ್ಕ. ನಾನು ಯಾರ ಮನೆಗೆ ಹೋದರೂ ನಿಮ್ಮ ವೀಡಿಯೊ ತೋರಿಸುತ್ತಾರೆ. ಇಂಥವರಿಗೆ ಕೊಟ್ಟರೆ ಅರ್ಥ ಉಂಟು, ನಿನ್ನ ಗಂಡ ತಾನೇ ಮಾಡಿಕೊಂಡದ್ದು ಅನ್ನುತ್ತಾರೆ."

ಕುಶಲಾಳಿಗೆ ಸಿಟ್ಟು ಬಂತು. "ಅದಕ್ಕೆ ನಾನೆಂತ ಮಾಡಲಿ?" ಎಂದು ಹೇಳಿ ಬಸ್ಸು ಹತ್ತಿದಳು. ಆದರೆ ಉಡುಪಿ ದಾಟುವಷ್ಟರಲ್ಲಿ ಸಿಟ್ಟು ಇಳಿದು, ಮುಖ ಎತ್ತಲಾಗದಂಥ ಸಂಕಟ ಉಳಿಯಿತು.

ಮನೆಯಲ್ಲಿ ಶೇಖರ ಬಲೆ ಹೆಣೆಯುತ್ತ ಎಲ್ಲ ಕೇಳಿಸಿಕೊಂಡ. "ನೀನು ಹೇಳಿದ್ದು ಸುಳ್ಳಲ್ಲ, ಅಲ್ವಾ?"

"ಸುಳ್ಳಲ್ಲ. ಆದರೆ ಅದನ್ನೇ ಹೇಳಿ ಹೇಳಿ ಉಳಿದವರನ್ನು ಹೊರಗೆ ನಿಲ್ಲಿಸಿದೆ."

ಶೇಖರ ಬಲೆ ಬದಿಗಿಟ್ಟ. "ಆಸ್ಪತ್ರೆಯಲ್ಲಿ ನನ್ನ ಪಕ್ಕದ ಬೆಡ್ಡಿನವನೂ ಕುಡಿಯುತ್ತಿದ್ದವನೇ. ನೀನು ಊಟಕ್ಕೆ ಹೋದಾಗ ನನಗೆ ನೀರು ಕೊಡುತ್ತಿದ್ದದ್ದು ಅವನು. ಮತ್ತೆ ಅವನು ಬದುಕಲಿಲ್ಲ."

ಮರುದಿನ ಬೆಳಿಗ್ಗೆಯೇ ಕುಶಲಾ ಕಾರ್ಕಳಕ್ಕೆ ಹೋಗಿ ಅಮ್ಮಣ್ಣಿಯ ಮನೆ ಹುಡುಕಿದಳು.

ಮುಂದಿನ ತಿಂಗಳು ಕಾರ್ಕಳದಲ್ಲಿಯೇ ಶಿಬಿರ. ಹೂವಪ್ಪ ಎದುರು ಸಾಲಿನಲ್ಲಿ ಕೂತಿದ್ದ, ಕಣ್ಣು ಹಳದಿ, ಕಾಲು ಊದಿತ್ತು. ಕುಶಲಾ ತನ್ನ ಹಳೆಯ ಮಾತು ಬಿಟ್ಟು ನೇರವಾಗಿ ಅವನ ಚಿಕಿತ್ಸೆಯ ವಿಷಯ ಎತ್ತಿದಳು. ಪ್ರತಿ ಶಿಬಿರಕ್ಕೂ ಕೈತುಂಬ ಕೊಡುತ್ತಿದ್ದ ವ್ಯಾಪಾರಿ ಲೀಲಾಧರ ಎದ್ದು ಕೇಳಿದರು: "ಇವರು ಕುಡಿಯುತ್ತಿದ್ದವರೋ?"

ಕುಶಲಾ ಬಾಯಿ ತೆರೆಯುವ ಮೊದಲೇ ಹೂವಪ್ಪ ಕುರ್ಚಿ ಹಿಡಿದು ಎದ್ದ. "ಹೌದು ಧಣಿ. ಹದಿನೆಂಟು ವರ್ಷ ಕುಡಿದಿದ್ದೇನೆ."

ಎಲ್ಲರೂ ಹೂವಪ್ಪನತ್ತ ತಿರುಗಿದರು. ಕುಶಲಾ ಹೇಳಿದಳು: "ರೋಗ ಹೇಗೆ ಬಂತು ಅಂತ ಕೇಳಿ ಸಹಾಯ ಮಾಡುವ ಕ್ರಮ ಇನ್ನು ನಮ್ಮಲ್ಲಿ ಇಲ್ಲ. ಇಷ್ಟು ದಿನ ಇತ್ತು, ಅದು ನನ್ನ ತಪ್ಪು."

ಲೀಲಾಧರ ಹೊರಟುಹೋದರು, ಅವರ ಹಿಂದೆ ಇನ್ನೂ ಕೆಲವರು. ಆ ದಿನ ಹಣ ಕೂಡಿದ್ದು ಕಡಿಮೆಯೇ. ಆದರೆ ಪರೀಕ್ಷೆಯ ಮೇಜಿನ ಮುಂದೆ ಎಂದೂ ಕಾಣದಷ್ಟು ಜನ ನಿಂತರು. ಹೆಚ್ಚಿನವರು ಕೋರೆಯವರು, ಇಷ್ಟು ಕಾಲ ನಾಚಿಕೆಯಿಂದ ಬಾರದಿದ್ದವರು.

ಹೂವಪ್ಪನಿಗೆ ಆಪರೇಷನ್ ಸದ್ಯಕ್ಕೆ ಬೇಡ ಎಂದರು ಡಾಕ್ಟರು. ಕುಡಿಯದೆ ಇದ್ದರೆ ಮದ್ದಿನಲ್ಲೇ ನಡೆಸಬಹುದಂತೆ. ಈಗ ಅವನು ಕೋರೆಯ ಗೇಟಿನಲ್ಲಿ ಕೂತು ಲಾರಿಗಳ ನಂಬರ್ ಬರೆಯುತ್ತಾನೆ. ಶಿಬಿರಗಳಲ್ಲಿ ಮಾತಾಡುವುದು ಅಮ್ಮಣ್ಣಿ. ಕುಶಲಾ ಬಂದವರ ಹೆಸರು ಬರೆದುಕೊಳ್ಳುತ್ತ ಮೇಜಿನ ಬಳಿ ಇರುತ್ತಾಳೆ.