ದೇವಣ್ಣನ ಮಿಲ್ಲಿಂಗ್ ಮಿಷನ್ನು

"ಎಲ್ರೂ ಒಂದೇ ಸಾರಿ ಎತ್ರಪ್ಪಾ!"

ನಾಲ್ಕು ಗಂಡಸರು ಏದುಸಿರು ಬಿಡುತ್ತ ಎತ್ತುತ್ತಿದ್ದುದು ದೇವಣ್ಣನ ಹೆಣವನ್ನಲ್ಲ. ಹೆಣ ಮಲಗಿಸಲು ಜಾಗವಿಲ್ಲದಂತೆ ನಡುಮನೆ ಹಿಡಿದಿದ್ದ ಕಬ್ಬಿಣದ ಹಲಗೆಯನ್ನು. ಅದು ಕಬ್ಬಿಣ ಕೊರೆಯುವ ಮಿಲ್ಲಿಂಗ್ ಮಿಷನ್ನಿನ ಟೇಬಲ್ಲು. ಉಳಿದ ಭಾಗವೆಲ್ಲ ಮಗ್ಗದ ಕೋಣೆಯಲ್ಲಿ ಜೋಡಿಸಿ ನಿಂತಿತ್ತು.

"ಮಗ್ಗದ ಕೋಣೆ ಒಳೀಕ್ ಮಡಗಿ. ಮಕ ಮೇಲ್ಮಾಡಿ ಮಡಗಿ," ಎಂದಳು ದೇವಣ್ಣನ ಹೆಂಡತಿ ಅನಸೂಯಮ್ಮ.

ಸತ್ತವನ ಅಣ್ಣ ನಾಗಯ್ಯ ಕಣ್ಣೊರೆಸಿಕೊಂಡ. "ಎಲ್ಲಾರಾ ಮಡಗಿ. ನನ್ನ ತಮ್ಮನ್ನ ತಿನ್ಕಂಡ ಕಬ್ಬುಣ ಇದು. ಇವತ್ತು ಶನಿವಾರ ಬೇರೆ. ಮಣ್ಣು ಮಾಡಿ ಬರುವಾಗ ಗುಜರಿ ಗಾಡೀನೂ ಕರ್ಕಂಡ್ ಬತ್ತೀನಿ. ಒಂದು ಮೊಳೆನೂ ಈ ಮನೇಲಿ ಇರಗೂಡ್ದು."

ಶನಿವಾರದ ಹೆಣ ಒಂಟಿಯಾಗಿ ಹೋಗುವುದಿಲ್ಲ, ಇನ್ನೊಂದನ್ನು ಕರೆಯುತ್ತದೆ; ಶನಿಗೆ ಕಬ್ಬಿಣವೆಂದರೆ ಪ್ರೀತಿ. ಕೊಳ್ಳೇಗಾಲದ ದೇವಾಂಗರ ಬೀದಿಯಲ್ಲಿ ಇದನ್ನು ಅಲ್ಲಗಳೆಯುವವರು ಯಾರೂ ಇರಲಿಲ್ಲ. ಅಣ್ಣನ ದುಃಖಕ್ಕೂ ಬಯ್ಯಲು ಏನಾದರೂ ಬೇಕಿತ್ತು.

*

ಮೂರು ವರ್ಷದ ಹಿಂದೆ, ಅರವತ್ತೆಂಟನೆಯ ಇಸವಿಯಲ್ಲಿ, ಕೊಯಮತ್ತೂರಿನಿಂದ ಹೊರಟ ಆ ಮಿಷನ್ನು ದಿಂಬಂ ಘಾಟಿಯ ತಿರುವಿನಲ್ಲಿ ಲಾರಿಯಿಂದ ಉರುಳಿತು. ಮಿಷನ್ನಿನ ಒಡೆಯ ಕೈತೊಳೆದುಕೊಂಡ. ದೇವಣ್ಣ ಚೂರುಗಳನ್ನು ಗಾಡಿಗೆ ಹೇರಿ ಮನೆಗೆ ತಂದ. ಅದು ಒಳಗೆ ಬಂತು, ಒಂದು ಮಗ್ಗ ಹೊರಗೆ ಹೋಯಿತು.

"ಸೀರೆ ನೇಯ್ತದೇನ್ಲಾ ಇದು?" ಎಂದು ಬೀದಿ ನಕ್ಕಿತು.

ನಗುವವರ ರೇಷ್ಮೆ ಹುರಿ ಮಾಡುವ ಯಂತ್ರದಲ್ಲಿ ಒಂದು ಹಲ್ಲುಚಕ್ರ ಸವೆದರೆ, ಬೆಂಗಳೂರಿನಿಂದ ಇನ್ನೊಂದು ಬರುವ ತನಕ ಮನೆಮಂದಿ ಕೈಕಟ್ಟಿ ಕೂರಬೇಕಿತ್ತು. ಆ ಚಕ್ರಗಳನ್ನು ಇಲ್ಲೇ ಕೊರೆಯಬೇಕೆಂದು ದೇವಣ್ಣನ ಹಟ.

ಬಿರುಕು ಬೆಸೆದದ್ದಾಯಿತು. ಕಷ್ಟವಿದ್ದದ್ದು ಟೇಬಲ್ಲು ಜಾರುವ ಮೈಯನ್ನು ಸಮ ಮಾಡುವುದರಲ್ಲಿ. ಸೀರೆಗೆ ಹಾಕುವ ನೀಲಿಯನ್ನು ಹರಳೆಣ್ಣೆಯಲ್ಲಿ ಕಲಸಿ ತೆಳ್ಳಗೆ ಬಳಿದು, ಕಬ್ಬಿಣದ ಮೇಲೆ ಕಬ್ಬಿಣ ಉಜ್ಜಿ, ನೀಲಿ ಹತ್ತಿದ ಉಬ್ಬನ್ನು ಹೆರೆಯಬೇಕು. ಹೆರೆಯುವವನು ಅವನು. ಅವನ ಕಣ್ಣು ಮಂಜಾದ ಮೇಲೆ ಉಬ್ಬು ಹುಡುಕಿದ್ದು ಅನಸೂಯಮ್ಮನ ಬೆರಳು. ತಪ್ಪಿದ ಎಳೆಯನ್ನು ಕತ್ತಲಲ್ಲೂ ಹಿಡಿಯುವ ಬೆರಳದು.

ಶುಕ್ರವಾರ ಸಂಜೆ ಅವಳು ಉದ್ದಕ್ಕೂ ಕೈಯಾಡಿಸಿ, "ಇನ್ನೆಲ್ಲೂ ಇಲ್ಲ ಕಣ್ರಿ. ಸಮ ಆಯ್ತು," ಎಂದಳು.

"ಅಂಗಾರೆ ನಾಳೆ ಕೂರ್ಸ್ಬುಡಣ."

ಬೆಳಗ್ಗೆ ಅವನು ಏಳಲಿಲ್ಲ.

*

ಹೆಣ ಬೀದಿ ದಾಟಿತು. ಹೆಂಗಸರು ಮನೆ ತೊಳೆಯಲು ಕೊಡ ಎತ್ತಿದರು. ಮೂಲೆಯಲ್ಲಿ ಕೂತಿರಬೇಕಾದ ಅನಸೂಯಮ್ಮ ಎದ್ದು ಮಗ್ಗದ ಕೋಣೆಗೆ ನಡೆದಳು.

"ಈ ಕಡೀಕ್ ನೀರು ಬ್ಯಾಡ. ತುಕ್ಕು ಇಡೀತದೆ."

ಪಕ್ಕದ ಮನೆ ಶಿವನಂಜಮ್ಮ ಗಾಬರಿಯಾದಳು. "ಇದೇನೇ ಅನಸೂಯಾ, ಕೂತ್ಕೊಳೇ! ನೋಡ್ದೋರು ಏನಂದಾರು?"

"ನೋಡ್ದೋರು ಬಂದು ಸರಪಳಿ ಎಳೀಲಿ. ಬಿಡಿಬಿಡಿಯಾಗಿದ್ರೆ ಗುಜರಿ ಕಣಕ್ಕ. ಕೂತ್ಕತ್ತು ಅಂದ್ರೆ ಮಿಷನ್ನು. ಬಾವ ಬರೋದ್ರೊಳ್ಗೆ ಕೂರ್ಸ್ಬೇಕು."

ತೊಲೆಗೆ ದೇವಣ್ಣ ಕಟ್ಟಿದ್ದ, ಭಾರ ಎತ್ತುವ ಸರಪಳಿ ರಾಟೆ ಇತ್ತು. ಶಿವನಂಜಮ್ಮನ ಮನೆಯ ಹುರಿಯಂತ್ರವೂ ಚಕ್ರ ಮುರಿದು ಮಲಗಿತ್ತು. ಸೆರಗು ಸಿಕ್ಕಿಸಿ ಸರಪಳಿ ಹಿಡಿದಳು. ಅವಳ ಹಿಂದೆ ಉಳಿದವರೂ ಬಂದರು. ಟೇಬಲ್ಲು ನೆಲ ಬಿಟ್ಟಿತು.

"ಬಿಡಿ... ನಿಧಾನುಕ್ಕೆ... ನಿಲ್ಸಿ!" ಅನಸೂಯಮ್ಮ ಬೆರಳಲ್ಲಿ ಸಂದು ಮುಟ್ಟಿ ನೋಡಿ, ಹೆಗಲು ಕೊಟ್ಟು ತಳ್ಳಿದಳು. ಟೇಬಲ್ಲು ಜಾರಿ ಒಳಗೆ ಕೂತಿತು. ತಿರುಪು ಬಿಗಿದು ಹಿಡಿಕೆ ತಿರುವಿದಳು. ಟೇಬಲ್ಲು ಸದ್ದಿಲ್ಲದೆ ಆ ಕೊನೆಯಿಂದ ಈ ಕೊನೆಗೆ ಬಂತು.

"ನೋಡ್ರೀ, ಕೂತ್ಕತು," ಎಂದಳು. ಕೇಳಬೇಕಾದವನು ಇಲ್ಲವೆಂದು ಆಗ ತಿಳಿದಂತೆ, ಅಲ್ಲೇ ಕುಸಿದು ಗಟ್ಟಿಯಾಗಿ ಅತ್ತಳು.

ಮಣ್ಣು ಮಾಡಿದವರು, ಹೆಣ ಮಲಗಿಸಿದ್ದಲ್ಲಿ ಹಚ್ಚಿಟ್ಟ ದೀಪ ನೋಡಲು ಸಾಲಾಗಿ ಬಂದರು. ನಾಗಯ್ಯ ದೀಪಕ್ಕೆ ಕೈಮುಗಿದು ತಲೆ ಎತ್ತಿದರೆ, ಮಗ್ಗದ ಕೋಣೆ ತುಂಬ ಮಿಷನ್ನು ನಿಂತಿತ್ತು.

"ಬಿಚ್ಚವ್ವ ಅದ."

ಅನಸೂಯಮ್ಮ ಕಣ್ಣೊರೆಸಿಕೊಂಡು ಎದ್ದಳು. "ಬಿಚ್ಚೋದು ಗೊತ್ತಿದ್ದೋರು ಇಬ್ರು ಬಾವಾ. ಒಬ್ರನ್ನ ಈಗ ತಾನೆ ಮಣ್ಮಾಡಿ ಬಂದ್ರಿ. ಇನ್ನೊಬ್ಳು ಬಿಚ್ಚಾಕಿಲ್ಲ."

ನಾಗಯ್ಯನ ಹಿಂದಿನಿಂದ ಗುಜರಿಯವನು ಒಳಗೆ ಹೋಗಿ, ಬಿಚ್ಚದೆ ಒಯ್ಯಲಾದೀತೇ ಎಂದು ಎರಡೂ ಕೈ ಚಾಚಿ, ಅಡ್ಡಲಾಗಿ ಕೂತ ಟೇಬಲ್ಲಿನ ಉದ್ದ ಅಳೆದ. ಚಾಚಿದ ಕೈಗಳನ್ನು ಮಡಚದೆ ಹಾಗೇ ಬಾಗಿಲಿಗೆ ಬಂದ. ಕೈಗಳು ಚೌಕಟ್ಟಿಗೆ ತಗುಲಿ, ಅವನು ಅಲ್ಲೇ ಸಿಕ್ಕಿಕೊಂಡು ನಿಂತ.